ಹಸಿರು ಶಾಯಿ

ತರೀಕೆರೆ, ೧೨ ಫೆಬ್ರವರಿ ೨೦೨೫, ಬುಧವಾರ

ಫಾರಂನಲ್ಲಿ ಹೆಸರು ಬರೆಯಬೇಡಿ ಅಂದಿದ್ದರು, ಬರೆದಿರಲಿಲ್ಲ. ಆದರೂ ಸಿಕ್ಕಿಬಿದ್ದೆನೇನೋ ಅನ್ನಿಸುತ್ತಿದೆ.

ಸೋಮವಾರ ನರ್ಸಿಂಗ್ ಕಾಲೇಜಿನವರು ನಮ್ಮ ಆಸ್ಪತ್ರೆಯ ನರ್ಸ್‌ಗಳಿಗೆಲ್ಲ ಹಂಚಿದ ಫಾರಂ ಅದು. ಡಾಕ್ಟರ್ ಹೇಳುವ ಮೊದಲೇ ನೀವಾಗಿ ನಿರ್ಧರಿಸಿ ಕೆಲಸ ಮಾಡಿದ್ದೀರಾ ಎಂದು ಕೇಳಿತ್ತು. ಹೌದು, ಆಮೇಲೆ ಡಾಕ್ಟರ್ ಹೆಸರಿನಲ್ಲಿ ಬರೆಸುತ್ತಾರೆ ಎಂದು ಬರೆದುಬಿಟ್ಟೆ. ಹೋದ ತಿಂಗಳು ಬುಕ್ಕಾಂಬುಧಿಯ ಲಿಂಗಮ್ಮನಿಗೆ ರಕ್ತ ಏರಿಸುವಾಗ ಆಕೆಗೆ ಚಳಿ ನಡುಕ ಬಂತು. ಡಾಕ್ಟರ್ ಫೋನ್ ಎತ್ತಲಿಲ್ಲ, ನಾನೇ ನಿಲ್ಲಿಸಿದೆ. ಡಾಕ್ಟರ್ ಹೇಳಿದ ಮೇಲೆ ನಿಲ್ಲಿಸಿದ್ದು ಎಂದು ಚಾರ್ಟಿನಲ್ಲಿ ನನ್ನಿಂದ ಬರೆಸಿದವರು ಹೆಡ್ ಸಿಸ್ಟರ್ ಯಶೋದಾ.

ಇವತ್ತು ಅವರೇ ನಗುತ್ತಾ ಬಂದರು. "ಭವ್ಯ, ನಿನ್ ಹಸಿರು ಪೆನ್ ಕೊಡೇ ಇಲ್ಲಿ."

ನಮ್ಮ ಚಾರ್ಟಿನಲ್ಲಿ ಬೆಳಗಿನ ಪಾಳಿಗೆ ನೀಲಿ ಶಾಯಿ, ಮಧ್ಯಾಹ್ನಕ್ಕೆ ಹಸಿರು, ರಾತ್ರಿಗೆ ಕೆಂಪು. ಈ ವಾರ ಮಧ್ಯಾಹ್ನಕ್ಕೆ ನಾನೊಬ್ಬಳೇ. ಕೈ ಅಭ್ಯಾಸದಲ್ಲಿ ಫಾರಂ ಕೂಡ ಹಸಿರಲ್ಲೇ ತುಂಬಿದ್ದೆ.

"ಯಾಕ್ ಮೇಡಂ?"

"ಸುಮ್ನೆ ಕಣೇ. ಚೆನ್ನಾಗ್ ಬರೀತದೆ."

ಪೆನ್ನು ವಾಪಸ್ ಬರಲಿಲ್ಲ. ಕಾಲೇಜಿನವರು ಬಂದು ಒಯ್ಯುವ ತನಕ ತುಂಬಿದ ಫಾರಂಗಳ ಕಟ್ಟು ಅವರ ಬೀರುವಿನಲ್ಲೇ ಇರುತ್ತದೆ.

ನಿಮ್ಮ ಮೇಲೆ ನಿಮಗೆಷ್ಟು ನಂಬಿಕೆ ಎಂಬುದು ಫಾರಂನ ಕೊನೆಯ ಪ್ರಶ್ನೆ. ಐದಕ್ಕೆ ಐದು ಹಾಕಿದ್ದೆ.

ಇದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.