ಕೊಂಬಿನ ಮೇಲಿನ ಕೈ

ಗದ್ವಾಲ
ಫಸಲಿ 1355, ದೀಪಾವಳಿಯಾಗಿ ಎಂಟನೆಯ ದಿನ

ಹಡೆದವ್ವನಿಗೆ ಹಿರಿಮಗಳು ಮೈಲಮ್ಮ ಪಾದ ಮುಟ್ಟಿ ಬರೆಯುವ ಕಾಗದ.

ಅವ್ವಾ, ಈ ಕಾಗದವನ್ನು ಶರಣಯ್ಯ ಮಾಸ್ತರರ ಕೈಗೆ ಕೊಡಬೇಡ. ಪ್ರತಿ ಸಲ ಅವರೇ ಓದಿ ಹೇಳುತ್ತಾರೆ, ನಿಜ. ಆದರೆ ಅವರು ಚಾವಡಿಯಲ್ಲಿ ಕೂತು ಉಟ್ಕೂರಿಗೆಲ್ಲ ಕೇಳುವ ಹಾಗೆ ಓದುತ್ತಾರೆ, ನೀನು ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಬೀಗುತ್ತೀ. ಈ ಸಲ ಬೀಗುವಂಥದ್ದೇನೂ ಇಲ್ಲ. ತಂಗಿ ಬುಗ್ಗಮ್ಮ ಓದಲಿ. ಒತ್ತಕ್ಷರಗಳಲ್ಲಿ ತಡವರಿಸುತ್ತಾಳೆ, ತಡವರಿಸಲಿ, ನೀನು ಗದರಬೇಡ. ಅಪ್ಪ ಕುರಿ ಹೊಡೆದುಕೊಂಡು ಅಡವಿಗೆ ಹೋದ ಹೊತ್ತು ನೋಡಿ ಓದಿಸು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಗದ್ವಾಲದಲ್ಲಿ ಕಾಲರಾ ಇಲ್ಲ. ದಸರೆಗೆ ಮುಂಚೆಯೂ ಇರಲಿಲ್ಲ. ಅಪ್ಪ ಜೂರಾಲದ ಹತ್ತಿರ ಹೊಳೆ ದಾಟಿ ಬರುತ್ತಾನೆ, ಮಗಳು ಕುರ್ಚಿಯ ಮೇಲೆ ಕೂತು ಪಾಠ ಹೇಳುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕಂತೆ, ಆ ಕುರ್ಚಿಗೆ ಹಾಸಲು ಕರಿ ಕಂಬಳಿಯನ್ನೂ ನೇಯ್ದಿಟ್ಟಿದ್ದಾನೆ ಎಂದು ನೀನು ಬರೆಸಿದ್ದೆ. ಅದನ್ನು ಓದಿದ ದಿನವೇ ನಾನು, ಊರಲ್ಲಿ ಕಾಲರಾ ಎದ್ದಿದೆ, ಯಾರೂ ಬರಬೇಡಿ ಎಂದು ಬರೆದು ಹಾಕಿದೆ. ನೀನು ನಂಬಿ ಮೂರು ವಾರ ಒಪ್ಪತ್ತು ಮಾಡಿದೆಯಂತೆ. ಉಣ್ಣೆ ವ್ಯಾಪಾರದ ಹಂಪಣ್ಣನ ಕೈಯಲ್ಲಿ ಬೀರಪ್ಪನ ಭಂಡಾರವನ್ನೂ ಕಳಿಸಿದೆ. ಆ ಅರಿಶಿನವನ್ನು ಹಣೆಗೆ ಹಚ್ಚಿಕೊಳ್ಳುವ ಧೈರ್ಯ ನನಗೆ ಬಂದಿಲ್ಲ, ಪೊಟ್ಟಣ ಪೆಟ್ಟಿಗೆಯಲ್ಲೇ ಇದೆ.

ಅಪ್ಪ ಬರುವುದು ಯಾಕೆ ಬೇಡವಾಯಿತು ಎಂದು ಹೇಳುತ್ತೇನೆ.

ಇಲ್ಲಿ ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರರ ಹೆಂಡತಿ ಮಹಾಂತಮ್ಮನವರೆಂದು ಒಬ್ಬರಿದ್ದಾರೆ. ರಾಯಚೂರು ಕಡೆಯವರು, ಒಳ್ಳೆಯವರು. ಅವರ ಮಗಳು ನನ್ನ ಹತ್ತಿರ ಓದುತ್ತಾಳೆ, ಪಾಠ ಹೇಳುವವಳೆಂದು ನನ್ನನ್ನು ಇಲ್ಲಿಯ ರೂಢಿಯಂತೆ ಪಂತುಲಮ್ಮ ಎನ್ನುತ್ತಾರೆ. ಗಣಪತಿ ಹಬ್ಬಕ್ಕೆ ನಮ್ಮ ಶಾಲೆಯ ಹೆಂಗಸರನ್ನೆಲ್ಲ ಕರೆದು ಊಟ ಹಾಕಿದರು. ಊಟವಾದ ಮೇಲೆ ಹೈದರಾಬಾದಿನಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿದ್ದ ತಮ್ಮ ಅಣ್ಣನ ಹಳೆಯ ಫೋಟೋಗಳ ಪೆಟ್ಟಿಗೆ ತೆಗೆದರು. ಎಲ್ಲವೂ ಪಟ್ಟಣದ ಬೀದಿಯಲ್ಲಿ ತೆಗೆದವು, ಎಲ್ಲವೂ ಗಾಡಿಗಳು. ಒಂಟೆ ಕಟ್ಟಿದ ಎರಡಂತಸ್ತಿನ ಗಾಡಿ, ಅದರ ಮೇಲಂತಸ್ತಿನಲ್ಲಿ ಕೊಡೆ ಹಿಡಿದ ಮುದುಕ. ಕಡವೆಯಂಥ ದೊಡ್ಡ ಪ್ರಾಣಿಗಳ ಜೋಡಿಯನ್ನು ಹೂಡಿದ ಸಾರೋಟು. ನಾಲ್ಕು ನಾಯಿ ಎಳೆಯುವ, ಗೊಂಬೆಯಷ್ಟೇ ಇರುವ ರಥ. ನಾವೆಲ್ಲ ನೋಡಿ ನಕ್ಕು, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ನೋಡುತ್ತಿದ್ದೆವು. ನನಗೂ ಮಜವೆನಿಸಿತ್ತು.

ಆಮೇಲೆ ನನ್ನ ಕೈಗೆ ಬಂದದ್ದು ಟಗರಿನ ಬಗ್ಗಿ.

ನಿನಗೆ ನೆನಪಿದೆಯಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ಹೈದರಾಬಾದಿನ ಒಂದು ದೊಡ್ಡ ದೇವಡಿಯ ನವಾಬರು ತಮ್ಮ ಮಗಳ ಆಟದ ಬಗ್ಗಿಗೆ ಒಂದು ಜೊತೆ ಟಗರು ಬೇಕೆಂದಿದ್ದರು. ಅಪ್ಪ ನಮ್ಮ ಕಣದಲ್ಲೇ ಎರಡು ಟಗರುಗಳಿಗೆ ನೊಗ ಕಲಿಸಿದ. ಬಗ್ಗಿ ನಡೆಸಲು ಯುಗಾದಿಯ ತನಕ ಅಲ್ಲೇ ಉಳಿಯಬೇಕಾಗಿ, ಅವುಗಳ ಜೊತೆ ಬೀರಪ್ಪನ ಟಗರನ್ನೂ ಹೊಡೆದುಕೊಂಡು ಹೋದ. ಅದು ನನಗಾಗಿ ದೇವರಿಗೆ ಬಿಟ್ಟದ್ದು. ಮೂರು ವಾರ ಜ್ವರ ಬಂದು ನಾನು ಕಣ್ಣು ಬಿಡದೆ ಮಲಗಿದ್ದಾಗ ನೀವಿಬ್ಬರೂ ಗುಡಿಯ ಮುಂದೆ ಮಾತು ಕೊಟ್ಟಿರಿ: ಇದರ ಮೈಗೆ ಕತ್ತರಿ ತಾಗಿಸುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ, ಅದು ಸಾಯುವ ತನಕ ಅಪ್ಪನ ಕಣ್ಣೆದುರಿನಿಂದ ದೂರ ಮಾಡುವುದಿಲ್ಲ ಎಂದು. ಅದಕ್ಕೇ ಅದೂ ಪಟ್ಟಣ ನೋಡಿ ಬಂತು. ಆ ಚಳಿಗಾಲದಲ್ಲಿ ಜೋಡಿಯ ಒಂದು ಟಗರು ಸತ್ತಿತೆಂದು ಸುದ್ದಿ ಬಂದಾಗ ನೀನು ಎಷ್ಟು ಹೆದರಿದ್ದೆ, ಆ ಧಣಿಗಳು ದೇವರ ಟಗರಿಗೇ ನೊಗ ಇಡಿಸುತ್ತಾರೇನೋ ಎಂದು. ಅಪ್ಪ ಹೇಳಿಕಳಿಸಿದ್ದ: ‘ಬ್ಯಾರೆ ಟಗರು ಸಿಕ್ಕೈತಿ, ನೀ ಏನ್ ಚಿಂತಿ ಮಾಡಬ್ಯಾಡ.’

ಆ ಬೇರೆ ಟಗರು ಯಾವುದೆಂದು ನನಗೆ ಹನ್ನೊಂದು ವರ್ಷದ ಮೇಲೆ ಮಹಾಂತಮ್ಮನವರ ಪಡಸಾಲೆಯಲ್ಲಿ ತಿಳಿಯಿತು.

ಬಗ್ಗಿಯಲ್ಲಿ ಜರಿ ಟೋಪಿಯ ಹುಡುಗಿ, ಆಗಿನ ನನ್ನಷ್ಟೇ ಇರಬೇಕು, ಕೈಯಲ್ಲಿ ಸಣ್ಣ ಚಾಟಿ. ನೊಗದ ಎಡಕ್ಕೆ ಟಗರು, ಕೊಂಬಿಗೆ ಬಣ್ಣ. ಬಲಕ್ಕೆ ಅಪ್ಪ. ಟಗರಿನ ಎತ್ತರಕ್ಕೆ ನೊಗ ಸಮನಾಗಬೇಕಲ್ಲ, ಅದಕ್ಕೆ ಮೊಣಕಾಲು ಮಡಿಸಿ, ಸೊಂಟ ಬಾಗಿಸಿ ನಿಂತಿದ್ದಾನೆ. ಹೆಗಲ ಮೇಲೆ ಚರ್ಮದ ಪಟ್ಟಿ. ಜೊತೆಯ ಟಗರು ಬೆದರಬಾರದೆಂದು ಅದರ ಕೊಂಬಿನ ಮೇಲೆ ಒಂದು ಕೈ ಇಟ್ಟಿದ್ದಾನೆ. ಅವನ ಹಿಂದೆ, ಹಗ್ಗವಿಲ್ಲದೆ, ನೊಗವಿಲ್ಲದೆ ಬೀರಪ್ಪನ ಟಗರು, ನೆಲಕ್ಕೆ ತಾಗುವಷ್ಟು ಉಣ್ಣೆ ಬಿಟ್ಟುಕೊಂಡು. ಅದರ ಕೊರಳಲ್ಲಿ ನಾನು ಪೋಣಿಸಿ ಕಟ್ಟಿದ ಕವಡೆ ಸರ.

ಯಾರೂ ನನಗೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ ಅವ್ವಾ. ಆ ಕವಡೆ ನೋಡಿದೊಡನೆ ಎಲ್ಲ ತಿಳಿಯಿತು. ಯುಗಾದಿಗೆ ಮನೆಗೆ ಬಂದ ಅಪ್ಪನ ಹೆಗಲು ಹುಣ್ಣಾಗಿತ್ತು. ‘ಬಗ್ಗಿ ಮೂಕಿ ಬಡೀತು’ ಎಂದಿದ್ದ. ನಾನೇ ಕುಸುಬೆ ಎಣ್ಣೆ ತಿಕ್ಕಿದ್ದೆ. ಅಂದಿನಿಂದ ಅವನ ಸೊಂಟ ನೆಟ್ಟಗಾಗಲಿಲ್ಲ. ಮತ್ತೊಂದು ಟಗರು ತಯಾರಾಗುವ ತನಕ ಎಷ್ಟು ದಿನ ಹಾಗೆ ಎಳೆದನೋ ದೇವರಿಗೇ ಗೊತ್ತು.

ಮಹಾಂತಮ್ಮನವರು ನನ್ನ ಭುಜದ ಮೇಲಿಂದ ಇಣುಕಿ ನಕ್ಕರು. ಕೇಡಿನ ನಗುವಲ್ಲ, ನಾಯಿಯ ರಥಕ್ಕೆ ನಕ್ಕ ಹಾಗೆಯೇ. ‘ನೋಡ್ರಿ ಪಂತುಲಮ್ಮ, ಒಂದು ಟಗರು, ಒಂದು ಮನಷ್ಯಾ, ಎಂಥಾ ಜೋಡಿ ಐತಿ. ರುಮಾಲು ನಿಮ್ಮ ಉಟ್ಕೂರ್ ಕಡೀದು ಕಾಣಸ್ತದ. ಇಂವ ನಿಮಗ ಗುರ್ತೇನ್ರಿ?’

‘ಇಲ್ಲರಿ, ಯಾರೋ ಏನೋ’ ಎಂದೆ. ಎಂದು ಎಲ್ಲರ ಜೊತೆ ನಾನೂ ನಕ್ಕೆ.

ಯಾಕೆಂದು ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ನಾನು ಇಲ್ಲಿ ಬಂದ ಹೊಸದರಲ್ಲಿ, ನಮ್ಮಪ್ಪ ಹೈದರಾಬಾದಿನಲ್ಲಿ ನವಾಬರ ಬಗ್ಗಿ ಹೊಡೆಯುತ್ತಿದ್ದ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಟಗರಿನ ಸುದ್ದಿ ಎತ್ತಿರಲಿಲ್ಲ. ಕೇಳಿದವರು ದೊಡ್ಡ ಕುದುರೆಗಳನ್ನೂ ಬಿಲ್ಲೆ ಕಟ್ಟಿದ ಸಾರಥಿಯನ್ನೂ ತಾವೇ ಊಹಿಸಿಕೊಂಡರು, ನಾನು ಬೇಡವೆನ್ನಲಿಲ್ಲ. ಅಪ್ಪ ಇಲ್ಲಿಗೆ ಬಂದರೆ ಅದೇ ರುಮಾಲು ಸುತ್ತಿಕೊಂಡು, ಅದೇ ಬಾಗಿದ ಸೊಂಟದಲ್ಲಿ ಬರುತ್ತಾನೆ. ಮಹಾಂತಮ್ಮನವರ ಕಣ್ಣು ಚುರುಕು. ಅದಕ್ಕೇ ಕಾಲರಾ ಬಂತು.

ಕುರುಬರ ಹುಡುಗಿ ಓದಿ ಏನು ಮಾಡುತ್ತಾಳೆಂದು ಊರೆಲ್ಲ ಆಡಿಕೊಂಡಾಗ ನನ್ನನ್ನು ನಾರಾಯಣಪೇಟೆಯ ಶಾಲೆಗೆ ಕೈಹಿಡಿದು ನಡೆಸಿಕೊಂಡು ಹೋದವನು ಅವನು. ದೇವರ ಟಗರಿನ ಹೆಗಲು ಉಳಿಸಲು ತನ್ನ ಹೆಗಲು ಕೊಟ್ಟವನು ಅವನು. ಆ ಟಗರಿನ ಮೇಲೆ ನಿಂತಿದ್ದುದು ನನ್ನ ಜೀವ. ಆ ಜೀವ ಪೇಶ್ಕಾರರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಅವನನ್ನು ಯಾರೋ ಏನೋ ಎಂದಿತು. ನನ್ನಂಥವಳು ಯಾವ ಮುಖ ಹೊತ್ತು ಮಕ್ಕಳಿಗೆ ಸತ್ಯ ಹೇಳಿರಿ ಎಂದು ಕಲಿಸಲಿ?

ಒಂದು ಮಾತು ಕೇಳುತ್ತೇನೆ. ನಿನಗೆ ಇದು ಗೊತ್ತಿತ್ತೇನು? ಎಣ್ಣೆ ತಿಕ್ಕುವಾಗ ನೀನು ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದೆ. ನನಗೆ ಆಗ ಅದು ಹೊಳೆದಿರಲಿಲ್ಲ. ಗೊತ್ತಿದ್ದರೆ, ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದು ನಾನು ಹೀಗೆ ಮಾಡಿಯೇನು ಎಂಬ ಹೆದರಿಕೆಯಿಂದಲೇ?

ಮಹಾಂತಮ್ಮನವರಿಂದ ಆ ಫೋಟೋ ಕೇಳಿ ತಂದಿದ್ದೆ. ನಮ್ಮೂರ ಟಗರುಗಳ ಹಾಗಿವೆ, ನಾಲ್ಕು ದಿನ ಇಟ್ಟುಕೊಳ್ಳುತ್ತೇನೆ ಎಂದೆ. ಅದನ್ನು ಈ ಕಾಗದದ ಜೊತೆ ಎರಡು ರಟ್ಟಿನ ನಡುವೆ ಇಟ್ಟಿದ್ದೇನೆ. ರಟ್ಟು ಬಿಚ್ಚುವ ಮೊದಲು ಕೆಳಗೆ ಬರೆದಿರುವುದನ್ನು ಓದಿಸು.

ನಿನ್ನ ಬೈಗುಳಕ್ಕೆ ಕಾದಿರುವ ಮಗಳು,
ಮೈಲಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ರಟ್ಟಿನೊಳಗೆ ಫೋಟೋ ಎರಡು ತುಂಡಾಗಿದೆ. ಅಂಚೆಯವರ ತಪ್ಪಲ್ಲ. ನಾನೇ ಕತ್ತರಿಸಿದೆ. ಎರಡೂ ಟಗರು, ಬಗ್ಗಿ ಇರುವ ತುಂಡನ್ನು ನನ್ನ ಕೋಣೆಯ ಗೋಡೆಗೆ ಅಂಟಿಸಿ, ಅಪ್ಪನ ತುಂಡನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಬೀರಪ್ಪನ ಟಗರಿಗೆ ಕತ್ತರಿ ತಾಗಬಾರದೆಂದು ಅದರ ಸುತ್ತ ಎಷ್ಟು ಹುಷಾರಾಗಿ ತಿರುಗಿಸಿದೆ ಗೊತ್ತೇ. ಅಪ್ಪನ ಹತ್ತಿರ ಬಂದಾಗ ಆ ಹುಷಾರು ಇರಲಿಲ್ಲ. ಅವನ ಕೈ ಕೊಂಬಿನ ಮೇಲೆಯೇ ಉಳಿದುಹೋಯಿತು. ಮೊನ್ನೆ ಮಹಾಂತಮ್ಮನವರ ಮಗಳು ಬಂದವಳು ಗೋಡೆ ನೋಡಿ, ‘ಈ ಕೈ ಯಾರದರಿ?’ ಎಂದು ಕೇಳಿದಳು. ಅವಳು ಹೋದ ಮೇಲೆ ಆ ತುಂಡನ್ನು ಗೋಡೆಯಿಂದ ಬಿಡಿಸಿದೆ.

ಅಪ್ಪ ಇಲ್ಲದ ಹೊತ್ತು ನೋಡಿ ಓದಿಸು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಅಪ್ಪ ಮನೆಯಲ್ಲಿರುವಾಗಲೇ ಮತ್ತೊಮ್ಮೆ ಓದಿಸು, ಅವನನ್ನು ಎದುರಿಗೆ ಕೂರಿಸಿಕೊಂಡು. ಜೋಳದ ಗಂಜಿಯಲ್ಲಿ ಎರಡೂ ತುಂಡು ಅಂಟಿಸಿರಿ. ಹಿಂದುಗಡೆ ನಾನು ‘ಉಟ್ಕೂರಿನ ಮೊಗುಲಪ್ಪ, ಮೈಲಮ್ಮನ ತಂದೆ’ ಎಂದು ಬರೆದಿದ್ದೇನೆ. ಫೋಟೋ ಮಹಾಂತಮ್ಮನವರಿಗೆ ವಾಪಸ್ಸು ಕೊಡಬೇಕಾದದ್ದು. ಅಂಚೆಗೆ ಹಾಕಬೇಡ. ಅಪ್ಪನ ಕೈಯಲ್ಲಿ ಕಳಿಸು. ಅವರ ಮನೆಗೆ ನಾನೇ ಅವನನ್ನು ಕರೆದುಕೊಂಡು ಹೋಗುತ್ತೇನೆ.