ಹೊಂಬಣ್ಣದ ಒಂದು ಕೂದಲು

ಮಾರ್ಚ್ ೧೨, ಮಂಗಳವಾರ.

ಕುಳ್ಳ ನಾಯಿಮರಿ ಇವತ್ತೂ ತಾಯಿಯ ಮೊಲೆಗೆ ಬಾಯಿ ಹಾಕಲಿಲ್ಲ. ಒಡಹುಟ್ಟಿದವರೆಲ್ಲ ತಳ್ಳಿಬಿಡುತ್ತಾರೆ. ಬಾಟಲಿ ಹಾಲನ್ನೂ ಉಗುಳುತ್ತಾನೆ. ಆದರೂ ದಿನಾ ರಾತ್ರಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ತೂಕ ಏರುತ್ತಲೇ ಇದೆ. ಗಾಳಿ ಕುಡಿದು ದಪ್ಪಗಾಗುತ್ತಿದ್ದಾನೆಯೇ?

"ನಿಂಗೆ ತಕ್ಕಡಿ ನೋಡೋಕೇ ಬರಲ್ಲ ಕಣೇ," ಅಂದರು ನಮ್ಮವರು. ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ಸ್ಪ್ಯಾನಿಯಲ್ ನಾಯಿಯ ಉದ್ದ ಕಿವಿಗೂ ಜಡೆ ಹಾಕು ಎಂದು ಚಿಕ್ಕಂದಿನಲ್ಲೇ ಅಮ್ಮನನ್ನು ಪೀಡಿಸಿದವಳು ನಾನು. ಆ ಹುಚ್ಚೇ ಈಗ ಮರಿ ಹಾಕಿಸಿ ಮಾರುವ ಕಸುಬಾಗಿದೆ. ನನಗೆ ಇವರು ಹೇಳಿಕೊಡಬೇಕೆ!

ಸಂಜೆ ಕುಳ್ಳನ ಮೂತಿ ಒರೆಸುವಾಗ ಹೊಂಬಣ್ಣದ ಒಂದು ಕೂದಲು ಸಿಕ್ಕಿತು. ತಾಯಿಯೂ ಮರಿಗಳೂ ಅಚ್ಚ ಕಪ್ಪು. ಮನೆಯಲ್ಲಿ ಹೊಂಬಣ್ಣದವಳೆಂದರೆ ದೊಡ್ಡಮ್ಮ ಒಬ್ಬಳೇ. ನಾನು ಆಸೆಪಟ್ಟು ತಂದ ಮೊದಲ ನಾಯಿ ಅವಳು, ಒಮ್ಮೆಯೂ ಗಬ್ಬ ನಿಲ್ಲಲಿಲ್ಲ.

ಬಾಗಿಲ ಸಂದಿಯಿಂದ ಇಣುಕಿ ಕಾದೆ. ದೊಡ್ಡಮ್ಮ ಮೆಲ್ಲಗೆ ಬಂದು, ಕುಳ್ಳನನ್ನು ಬಾಯಲ್ಲಿ ಕಚ್ಚಿಕೊಂಡು ತನ್ನ ಚಾಪೆಗೆ ಒಯ್ದು ಮಗ್ಗುಲಾದಳು. ಆಮೇಲೆ ಚಪ್ ಚಪ್ ಸದ್ದು. ತಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಳು.

"ಮರಿ ಹಾಕದಿದ್ರೂ ಕೆಲವಕ್ಕೆ ಹಾಲು ಬರುತ್ತಮ್ಮಾ," ಅಂದರು ಡಾಕ್ಟರು ಫೋನಿನಲ್ಲಿ. ಸರಿ, ಹಾಲು ಬಂತು. ಆದರೆ ಅಷ್ಟು ಮರಿಗಳಲ್ಲಿ ಹಸಿದವನು ಯಾರೆಂದು ಅವಳಿಗೆ ಹೇಳಿದವರು ಯಾರು? ವಾಸನೆಯೇ? ಅಳುವೇ?

ತೂಗೋಣವೆಂದು ಕುಳ್ಳನತ್ತ ಕೈ ಚಾಚಿದೆ. ನನ್ನ ಕಾಲಬುಡದಲ್ಲೇ ಬೆಳೆದ ದೊಡ್ಡಮ್ಮ ಮೊದಲ ಸಲ ನನ್ನ ಮೇಲೆ ಗುರ್ರೆಂದಳು.

ಕೈ ಹಿಂದೆಗೆದುಕೊಂಡೆ. ಇವತ್ತಿನ ತೂಕ ಗೊತ್ತಿಲ್ಲ.