ಕನ್ನಡದಲ್ಲಿ ಬಂದ ಚೀಟಿ

ಜುಲೈ 10, ಗುರುವಾರ
ಗೋರೆಗಾಂವ್‌ನಿಂದ ವಡಾಲಾದವರೆಗೆ ಲೋಕಲ್ ರೈಲಿನಲ್ಲಿ ನಿಂತೇ ಬಂದೆ. ಆಂಟಾಪ್ ಹಿಲ್, ಹಿಂದಿ ಶಾಲೆ, ಒಂಬತ್ತನೇ ಕ್ಲಾಸಿನ ಹುಡುಗಿಯರು. ನಾನು ಸಂಸ್ಥೆ ಕಳಿಸಿದ ಮೆಂಟರ್ ದೀದಿ. ಕನ್ನಡದವಳು ಎಂದೂ ಪರಿಚಯ ಹೇಳಿಕೊಂಡೆ. ಲೈಂಗಿಕ ಸೋಂಕು ಹೇಗೆ ಬರುತ್ತದೆ, ಹೇಗೆ ತಡೆಯಬೇಕು... ಚಾರ್ಟ್ ತೋರಿಸಿದೆ. ನಕ್ಕರು. ನಗಲಿ. ಕೊನೆಗೆ ಪ್ರಶ್ನೆ ಡಬ್ಬಿ ಇಟ್ಟೆ. ಹೆಸರು ಬರೆಯಬೇಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

ಜುಲೈ 17
ಹನ್ನೊಂದು ಚೀಟಿ. ಹತ್ತು ಹಿಂದಿ. ಒಂದು ಕನ್ನಡ! ಈ ಶಾಲೆಯಲ್ಲಿ ನಮ್ಮ ಅಕ್ಷರ ಕಂಡು ಹಿಗ್ಗಿಬಿಟ್ಟೆ. ಎಲ್ಲರಿಗೂ ಎತ್ತಿ ತೋರಿಸಿ ಜೋರಾಗಿ ಓದಿದೆ — "ಒಂದಕ್ಕ ಹೋದಾಗ ಭಾಳ ಉರೀತದ್ರಿ. ಇದು ಆ ರೋಗ ಏನ್ರಿ? ಅವ್ವಗ ತಿಳೀದಂಗ ಯಾರಿಗಿ ತೋರಸ್ಲಿ?" ಹಿಂದಿಯಲ್ಲಿ ಅರ್ಥವನ್ನೂ ಹೇಳಿದೆ. ಜಾಣೆ ನಾನು.
ಆ ರೋಗವೇ ಆಗಬೇಕಿಲ್ಲ, ಉರಿ ಬೇರೆ ಕಾರಣಕ್ಕೂ ಬರುತ್ತದೆ, ಔಷಧಿ ಇದೆ ಎಂದೆ. ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಕೊನೆಯ ಬೆಂಚಿನತ್ತ ತಿರುಗಿದ್ದರು. ಮಲ್ಲವ್ವ. ಹೋದ ವರ್ಷ ವಿಜಯಪುರದ ಕಡೆಯಿಂದ ಬಂದವಳು. ಕ್ಲಾಸಿನಲ್ಲಿ ಕನ್ನಡ ಬರೆಯಲು ಬರುವುದು ಅವಳೊಬ್ಬಳಿಗೇ.
ಆಗ ಹೊಳೆಯಿತು. ಮುಂದಿನ ಚೀಟಿ ತೆಗೆದು ಓದಿದೆ.

ಜುಲೈ 24
ಮಲ್ಲವ್ವ ಬಂದಿಲ್ಲ. ಡಬ್ಬಿ ಖಾಲಿ. ಆಫೀಸಿನ ಪ್ರಫುಲ್ಲಾ ಮೇಡಂ ರಿಪೋರ್ಟ್ ಕೇಳಿದರು. 'ಸೆಷನ್ ಚೆನ್ನಾಗಿ ಆಯಿತು' ಎಂದು ಬರೆದೆ. ಊಟ ಮಾಡಿದೆ.

ಆಗಸ್ಟ್ 14
ಕೊನೆಗೂ ಮಲ್ಲವ್ವನ ಮನೆಗೆ ಹೋದೆ, ಸಾಲು ಕೋಣೆಗಳ ಚಾಳು. ನಾಲ್ಕು ವಾರ ಬೇಕಾಯಿತು. ತಾಯಿ ದೇವಕ್ಕ ಹೊಸ್ತಿಲ ಮೇಲೇ ನಿಲ್ಲಿಸಿದರು. ಚಾಳಿನಲ್ಲೆಲ್ಲ ಗುಲ್ಲಾಗಿದೆಯಂತೆ. ಡಾಕ್ಟರ್ ಹತ್ತಿರ ಹೋದರೆ ಜನರ ಮಾತೇ ಖರೆ ಆಗುತ್ತದಂತೆ. ಶನಿವಾರ ಊರಿಗೆ ಕಳಿಸುತ್ತಾರೆ, ಅಜ್ಜಿಯ ಹತ್ತಿರ. ಶಾಲೆ ಸಾಕಂತೆ. ಉರಿ ಇನ್ನೂ ಇದೆಯೇ ಎಂದು ಕೇಳಿದೆ. ಬಾಗಿಲು ಹಾಕಿಕೊಂಡರು.
ಕೆಳಗೆ ನಳದ ಹತ್ತಿರ ಮಲ್ಲವ್ವ ಸಿಕ್ಕಳು. ಕೊಡ ತುಂಬುತ್ತಿತ್ತು. ತಪ್ಪಾಯಿತವ್ವಾ ಎಂದೆ. ಮುಖ ನೋಡಲಿಲ್ಲ.
"ನಿಮಗೊಬ್ಬರಿಗೇ ಓದಾಕ ಬರ್ತದಂತ ಕನ್ನಡದಾಗ ಬರದಿದ್ನಿರಿ, ಅಕ್ಕಾರ."
ಕ್ಲಿನಿಕ್‌ನ ಕಾರ್ಡ್ ಕೈಗಿಟ್ಟೆ. ನಾಳೆ ರಜೆ, ನಾಡಿದ್ದು ಬೆಳಿಗ್ಗೆ, ಊರಿಗೆ ಹೊರಡುವ ಮುಂಚೆ, ನಾನೂ ಅಲ್ಲಿಗೆ ಬರುತ್ತೇನೆ ಎಂದೆ. ಕಾರ್ಡ್ ಹಿಡಿದುಕೊಂಡಳು. ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಆಗಸ್ಟ್ 16, ಶನಿವಾರ
ಒಂಬತ್ತರಿಂದ ಒಂದು ಗಂಟೆಯವರೆಗೆ ಕ್ಲಿನಿಕ್ ಬಾಗಿಲಲ್ಲಿ ನಿಂತಿದ್ದೆ. ಬರಲಿಲ್ಲ.

ಆಗಸ್ಟ್ 21
ಒಂಬತ್ತನೇ ಕ್ಲಾಸ್. ಚಾರ್ಟ್ ತೋರಿಸಿದೆ. ಯಾರೂ ನಗಲಿಲ್ಲ. ಕೊನೆಯ ಬೆಂಚಿನಲ್ಲಿ ಬೇರೆ ಹುಡುಗಿ. ಡಬ್ಬಿ ಮೇಜಿನ ಮೇಲಿಟ್ಟೆ. ಹೆಸರು ಬರೆಯಬೇಡಿ ಎಂದೆ. ಯಾರಿಗೂ ಗೊತ್ತಾಗು—